ಹಾಲಿನ ದುಡ್ಡು, ಪಡಿತರ ಕಾರ್ಡು ಮತ್ತು ನಾವು

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ಸಂಘ ಬೆಳೆದು ಬಂದ ದಾರಿಯನ್ನು ಹಿರಿಯರು ಹೇಳಿದ್ದಾರೆ. ನಾವು ಡೈರಿ ಮುಂದೆ ಕ್ಯಾನು ಹಿಡಿದು ನಿಂತಾಗ ಎಲ್ಲರೂ ಕೇಳುವ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇವೆ: ಹಾಲಿನ ದುಡ್ಡು ಜಾಸ್ತಿಯಾದರೆ ಬಿಪಿಎಲ್ ಕಾರ್ಡು ಹೋಗುತ್ತಾ?

ಈ ಭಯದಿಂದ ಕೆಲವರು ಅರ್ಧ ಹಾಲನ್ನು ತಮ್ಮ ಪಾಸ್‌ಬುಕ್ಕಿಗೂ ಇನ್ನರ್ಧವನ್ನು ನೆಂಟರ ಪಾಸ್‌ಬುಕ್ಕಿಗೂ ಬರೆಸಲು ನೋಡುತ್ತಾರೆ. ಕೆಲವರು ಸಂಘ ಬಿಟ್ಟು ಹೊರಗಡೆ ಹಾಲು ಹಾಕುತ್ತಾರೆ. ಇದರಿಂದ ನಷ್ಟ ಯಾರಿಗೆ? ಬೋನಸ್ ಸಿಗುವುದು ಹಾಕಿದ ಹಾಲಿನ ಲೆಕ್ಕದ ಮೇಲೆ. ಬರೆಸದ ಹಾಲಿಗೆ ಬೋನಸ್ಸೂ ಇಲ್ಲ, ನಾಳೆ ಬ್ಯಾಂಕಿನಲ್ಲಿ ಸಾಲ ಕೇಳಲು ದಾಖಲೆಯೂ ಇಲ್ಲ.

ಆದರೆ ಭಯ ಸುಳ್ಳು ಅಂತ ನಾವು ಹೇಳುವುದಿಲ್ಲ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಕಾರ್ಡುಗಳ ಪರಿಶೀಲನೆ ನಡೆದಾಗ ಬಹಳ ಜನರ ಬಿಪಿಎಲ್ ಕಾರ್ಡು ರದ್ದಾಯಿತು. ಗಲಾಟೆ ಎದ್ದ ಮೇಲೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಕಾರ್ಡು ವಾಪಸು ಕೊಡುತ್ತೇವೆಂದು ಸರ್ಕಾರ ಹೇಳಿತು. ಆಗ ಇದ್ದ ಮಿತಿ ಕುಟುಂಬಕ್ಕೆ ವರ್ಷಕ್ಕೆ 1.20 ಲಕ್ಷ ರೂಪಾಯಿ. ಅಂದರೆ ತಿಂಗಳಿಗೆ 10 ಸಾವಿರ.

ಈ ಮಿತಿ ಒಂದು ಗೋಡೆ ಇದ್ದ ಹಾಗೆ. 1,20,000 ಇದ್ದವನು ಈ ಕಡೆ, 1,21,000 ಇದ್ದವನು ಆ ಕಡೆ. ಆದಾಯದಲ್ಲಿ ವ್ಯತ್ಯಾಸ ಒಂದೇ ಸಾವಿರ. ಕಳೆದುಕೊಳ್ಳುವುದು ಎಷ್ಟು ನೋಡಿ. 2013ರ ಆಹಾರ ಭದ್ರತೆ ಕಾಯ್ದೆಯಂತೆ ಆದ್ಯತಾ ಕಾರ್ಡಿನ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯ. 2023ರ ಜನವರಿಯಿಂದ ಅದು ಪುಕ್ಕಟೆ. ಐದು ಜನರ ಮನೆಗೆ 25 ಕಿಲೋ. ಅದಕ್ಕಿಂತ ದೊಡ್ಡದು ಆಸ್ಪತ್ರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಸರ್ಕಾರ ನಿಗದಿ ಮಾಡಿದ ದರದಲ್ಲಿ ನೂರಕ್ಕೆ 30 ಮಾತ್ರ, ಅದೂ 1.50 ಲಕ್ಷದವರೆಗೆ. ಉಳಿದದ್ದಕ್ಕೆ ಹಸು ಮಾರಬೇಕು, ಇಲ್ಲವೇ ಜಮೀನು.

ಬೇರೆ ಕಡೆ ಹೇಗೆ ಮಾಡುತ್ತಾರೆ ಎಂಬುದನ್ನೂ ನೋಡೋಣ. ಇಂಗ್ಲೆಂಡಿನಲ್ಲಿ ನಮ್ಮ ಪಂಚಾಯಿತಿ ಮನೆಗಂದಾಯದ ಹಾಗೆ ಕೌನ್ಸಿಲ್ ಟ್ಯಾಕ್ಸ್ ಅಂತ ಇದೆ. ಕಡಿಮೆ ಆದಾಯದವರಿಗೆ ಅದರಲ್ಲಿ ರಿಯಾಯಿತಿ. ಪಿಂಚಣಿ ವಯಸ್ಸಿನವರಿಗೆ ದೇಶಕ್ಕೆಲ್ಲ ಒಂದೇ ನಿಯಮ: ಗೊತ್ತುಪಡಿಸಿದ ಮಟ್ಟ ದಾಟಿದ ಮೇಲೆ ವಾರದ ಆದಾಯ 100 ಪೆನ್ಸ್ ಏರಿದರೆ ರಿಯಾಯಿತಿ 20 ಪೆನ್ಸ್ ಇಳಿಯುತ್ತದೆ. ದುಡಿಯುವ ವಯಸ್ಸಿನವರಿಗೆ 2013ರ ಏಪ್ರಿಲ್‌ನಿಂದ ಆಯಾ ಸ್ಥಳೀಯ ಸಂಸ್ಥೆಯೇ ನಿಯಮ ಮಾಡುತ್ತದೆ. ಅಲ್ಲಿಯೂ ತೊಂದರೆ ತಪ್ಪಿದ್ದಲ್ಲ. ಸಂಬಳ ತಿಂಗಳು ತಿಂಗಳು ಬದಲಾದರೆ ತೆರಿಗೆಯ ಬಿಲ್ಲೂ ಬದಲಾಗುತ್ತದೆ. ಅದಕ್ಕೇ ಕೆಲವು ಸಂಸ್ಥೆಗಳು ಆದಾಯಕ್ಕೆ ಹಂತಗಳನ್ನು ಮಾಡಿವೆ. ಒಂದು ಹಂತದ ಒಳಗೆ ಸ್ವಲ್ಪ ಏರಿಳಿದರೆ ರಿಯಾಯಿತಿ ಮುಟ್ಟುವುದಿಲ್ಲ. ಗೋಡೆಯ ಬದಲು ಇಳಿಜಾರೋ ಮೆಟ್ಟಿಲೋ ಇದ್ದರೆ ದುಡಿಯುವವನಿಗೆ ಇನ್ನೂ ದುಡಿಯಲು ಧೈರ್ಯ ಬರುತ್ತದೆ. ನಮ್ಮಲ್ಲೂ ಹೀಗೆ ಆಗಲಿ ಎಂದು ಸಂಘದಿಂದ ಸರ್ಕಾರಕ್ಕೆ ಮನವಿ ಹೋಗಬೇಕೆಂಬುದು ನಮ್ಮ ಆಸೆ.

ಅಲ್ಲಿಯವರೆಗೆ ನಾವು ಮಾಡಬೇಕಾದ್ದು ಮೂರು ಕೆಲಸ.

ಮೊದಲನೆಯದು, ಖರ್ಚಿನ ಲೆಕ್ಕ. ದಿನಕ್ಕೆ 12 ಲೀಟರು, ಲೀಟರಿಗೆ 35 ರೂಪಾಯಿ, ವರ್ಷಕ್ಕೆ 300 ದಿನ ಅಂತ ಹಿಡಿಯಿರಿ. ಪಾಸ್‌ಬುಕ್ಕಿನಲ್ಲಿ 1,26,000 ಕಾಣುತ್ತದೆ. ಹಿಂಡಿ, ಬೂಸಾ, ಮೇವು, ಔಷಧಿಗೆ ಅರ್ಧ ಹೋಯಿತೆಂದರೂ ಕೈಗೆ ಉಳಿಯುವುದು 63,000. ಬಂದ ದುಡ್ಡು ಬೇರೆ, ಉಳಿದ ದುಡ್ಡು ಬೇರೆ. ವಿಚಾರಣೆಗೆ ಬಂದವರ ಮುಂದೆ ಬಾಯಿಮಾತು ನಡೆಯುವುದಿಲ್ಲ; ಪಶು ಆಹಾರದ ರಸೀತಿ ಎಸೆಯಬೇಡಿ, ಒಂದು ತಂತಿಗೆ ಚುಚ್ಚಿಡಿ.

ಎರಡನೆಯದು, ಆದಾಯ ಇಳಿದಾಗಲೂ ಹೋಗಿ ಹೇಳುವುದು. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ. ನಮ್ಮ ಹಸು 5 ವರ್ಷ ಒಂದೇ ಸಮ ಹಾಲು ಕೊಡುತ್ತದೆಯೇ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹಸು ಸತ್ತರೆ, ಪೇಟೆಯಲ್ಲಿದ್ದ ಮಗ ಕೆಲಸ ಬಿಟ್ಟು ಬಂದರೆ, ಬೋರ್‌ವೆಲ್ ಬತ್ತಿದರೆ ಸುಮ್ಮನೆ ಕೂರಬೇಡಿ, ಹೊಸದಾಗಿ ಅರ್ಜಿ ಕೊಡಿ. ಹಾಗೆಯೇ ಆದಾಯ ನಿಜವಾಗಿ ಏರಿ ನಿಂತರೆ ಕಾರ್ಡು ಒಪ್ಪಿಸಿ. ಅದು ಇನ್ನೊಬ್ಬ ಬಡವನ ಮನೆ ಸೇರಲಿ.

ಮೂರನೆಯದು, ಕಾರ್ಡು ಹೋದರೂ ಆಸರೆ ಇಟ್ಟುಕೊಳ್ಳುವುದು. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಇದೆ. 2018ರಲ್ಲಿ ನಿಂತು 2022ರಲ್ಲಿ ಮತ್ತೆ ಆರಂಭವಾದಾಗ ಗ್ರಾಮೀಣ ಕುಟುಂಬದ ನಾಲ್ವರಿಗೆ ವಂತಿಗೆ 500 ರೂಪಾಯಿ, ಚಿಕಿತ್ಸೆ ವರ್ಷಕ್ಕೆ 5 ಲಕ್ಷದವರೆಗೆ ಎಂದಿತ್ತು. ಅದಕ್ಕೆ ಬಿಪಿಎಲ್ ಕಾರ್ಡೇ ಬೇಕೆಂದಿಲ್ಲ. ನೋಂದಣಿ ಕರೆದಾಗ ತಪ್ಪಿಸಬೇಡಿ. ಇನ್ನೊಂದು ಮಾತು ತಾಯಂದಿರಿಗೆ: 2023ರಲ್ಲಿ ಶುರುವಾದ ಗೃಹಲಕ್ಷ್ಮಿ ಬಿಪಿಎಲ್‌ನವರಿಗೆ ಮಾತ್ರ ಅಂತ ಮಾಡಿದ್ದಲ್ಲ, ಎಪಿಎಲ್ ಕಾರ್ಡಿನವರಿಗೂ ಅವಕಾಶ ಕೊಟ್ಟಿದ್ದರು. ತಡೆ ಇದ್ದದ್ದು ಯಜಮಾನಿಯೋ ಆಕೆಯ ಗಂಡನೋ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾಗಿದ್ದರೆ. ಆದ್ದರಿಂದ ಕಾರ್ಡಿನ ಬಣ್ಣ ಬದಲಾಯಿತು ಅಂತ ಎಲ್ಲವೂ ಹೋಯಿತೆಂದು ತಿಳಿಯಬೇಡಿ, ಯಾವುದಕ್ಕೆ ಯಾವ ನಿಯಮ ಅಂತ ವಿಚಾರಿಸಿ.

ಹಾಲು ಕರೆಯುವುದು ತಪ್ಪಲ್ಲ, ಆದಾಯ ಏರುವುದು ನಾಚಿಕೆಯಲ್ಲ. ನಮ್ಮ ಹಾಲು ನಮ್ಮ ಹೆಸರಿನಲ್ಲೇ ಸಂಘಕ್ಕೆ ಬರಲಿ. ಕಾಗದ ಪತ್ರದ ವಿಷಯ ತಿಳಿಯದಿದ್ದರೆ ಬೆಳಗಿನ ಹಾಲು ಮುಗಿದ ಮೇಲೆ ಡೈರಿಗೆ ಬನ್ನಿ, ಕೂತು ನೋಡೋಣ. 

ಜೈ ಸಹಕಾರ.