ಪೇಟಿ ಮಾಸ್ತರರೊಬ್ಬರ ವೃತ್ತಿ



ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಬಂದು ಪದವಿ ಪಡೆದ ನಿಮಗೆ ಪೇಟಿಯ ಪರಿಚಯ ನಾನು ಮಾಡಿಕೊಡಬೇಕಿಲ್ಲ. ಊರ ಗುಡಿಯ ಭಜನೆಯಲ್ಲಿ, ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ, ಕಂಪನಿ ನಾಟಕಗಳಲ್ಲಿ ಅದನ್ನು ಕೇಳುತ್ತಲೇ ಬೆಳೆದಿದ್ದೀರಿ. ಮೈಸೂರಿನ ಅರಮನೆಯಲ್ಲಿ ಜಯಚಾಮರಾಜೇಂದ್ರ ಒಡೆಯರು ಪಿಯಾನೋ ನುಡಿಸುತ್ತಿದ್ದರು. ನಮ್ಮ ಭಾಗಕ್ಕೆ ಬಂದದ್ದು ಪಿಯಾನೋ ಅಲ್ಲ, 1842ರಲ್ಲಿ ಪ್ಯಾರಿಸಿನ ದೆಬೆನ್ ಪೇಟೆಂಟ್ ಪಡೆದ ಹಾರ್ಮೋನಿಯಂ, ಅಂದರೆ ನಮ್ಮ ಪೇಟಿ.

ಅದನ್ನೇ ನೆಚ್ಚಿ ಬಾಳಿದವರು ಪಂಡಿತ ಆರ್. ಕೆ. ಬಿಜಾಪುರೆ. ಹುಟ್ಟಿದ್ದು 1917ರಲ್ಲಿ, ಕಾಗವಾಡದಲ್ಲಿ. ಬಾಳಿದ್ದು ಬೆಳಗಾವಿಯಲ್ಲಿ, 2010ರವರೆಗೆ. ಅವರಿಗೆ ಇಪ್ಪತ್ಮೂರು ವರ್ಷವಾದಾಗ, 1940ರ ಮಾರ್ಚ್‌ನಲ್ಲಿ, ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ಆಗ ಅವರಿಗೆ ಐವತ್ನಾಲ್ಕು. ಅದೂ ಹಾಡುವವರ ಸಾಥಿಗೆ ಮಾತ್ರ. ಸ್ವತಂತ್ರ ವಾದನಕ್ಕೆ ಆಗಲೂ ಬಾಗಿಲು ತೆರೆಯಲಿಲ್ಲ. ದುಡಿಯುವ ವಯಸ್ಸೆಲ್ಲ ಹೀಗೇ ಕಳೆಯಿತು.

ನಿಷೇಧ ಹಾಕಿದವರು ಮೂರ್ಖರೆಂದು ನಾನು ಹೇಳಲಾರೆ. ರವೀಂದ್ರನಾಥ ಠಾಕೂರರೂ ಈ ವಾದ್ಯವನ್ನು ಒಪ್ಪುತ್ತಿರಲಿಲ್ಲ. (ರೇಡಿಯೊದಲ್ಲಿದ್ದ ಇಂಗ್ಲಿಷ್ ಸಂಗೀತಗಾರ ಜಾನ್ ಫೌಲ್ಡ್ಸ್ ಕೂಡ ಇದರ ಮೇಲೆ ಹರಿಹಾಯ್ದಿದ್ದ. ಯುರೋಪಿನಿಂದ ಬಂದ ವಾದ್ಯವನ್ನು ನಮ್ಮ ಸ್ವರಗಳ ಪರವಾಗಿ ಯುರೋಪಿನವನೇ ಬೈದದ್ದು ತಮಾಷೆಯಲ್ಲವೇ!) ಪೇಟಿಯಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಡೆ, ಇಲ್ಲ. ಸಪ್ತಕಕ್ಕೆ ಹನ್ನೆರಡೇ ಮನೆ. ದರ್ಬಾರಿ ರಾಗ ಹಾಡುವವರ ಕೋಮಲ ಗಾಂಧಾರ ಪೇಟಿಯ ಗಾಂಧಾರಕ್ಕಿಂತ ಕೆಳಗೆ ಕೂತು ತೂಗುತ್ತದೆ. ಆ ಜಾಗಕ್ಕೆ ಪೇಟಿಯಲ್ಲಿ ಮನೆಯೇ ಇಲ್ಲ.

ಅಂಥ ಕಡೆ ಒಳ್ಳೆಯ ಸಾಥಿದಾರ ಏನು ಮಾಡುತ್ತಾನೆ ಎಂದು ಮುಂದಿನ ಸಲ ಹತ್ತಿರ ಕೂತು ನೋಡಿ. ಎಡಗೈ ತಿದಿಯ ಒತ್ತಡವನ್ನು ಇಳಿಸುತ್ತದೆ. ಬಲಗೈ ಬೆರಳು ರಿಷಭದಿಂದ ಎದ್ದು ಗಾಂಧಾರವನ್ನು ಮುಟ್ಟಿದಂತೆ ಮಾಡಿ ಬಿಟ್ಟುಬಿಡುತ್ತದೆ. ಮಿಕ್ಕದ್ದು ಹಾಡುವವರ ಪಾಲಿಗೆ. ಹಾಡುವವರು ಉಸಿರು ತೆಗೆದುಕೊಳ್ಳುವಾಗ ಮಾತ್ರ ಪೇಟಿ ಮುಂದೆ ಬಂದು, ಅವರು ಬಿಟ್ಟ ಸ್ವರವನ್ನು ಹಿಡಿದಿಟ್ಟು, ಅವರು ಬಾಯಿ ತೆರೆದ ಕೂಡಲೇ ಹಿಂದೆ ಸರಿಯುತ್ತದೆ. ಮುಂದಿನ ತಾನ ಎತ್ತ ಹೊರಳುತ್ತದೆ ಎಂಬುದು ಮೊದಲೇ ಹೊಳೆಯಬೇಕು. ಬಿಜಾಪುರೆಯವರಿಗೆ ಅದು ಹೊಳೆಯುತ್ತಿದ್ದದ್ದು ಅವರು ರಾಮಕೃಷ್ಣಬುವಾ ವಝೆಯವರಂಥ ಗಾಯಕರ ಹತ್ತಿರ ಗಾಯನವನ್ನೂ ಕಲಿತಿದ್ದರಿಂದ. ಹಾಡಲು ಬಾರದವನು ಸಾಥಿ ಮಾಡಿದರೆ ಬರೀ ಬೆನ್ನಟ್ಟುತ್ತಾನೆ, ಅಷ್ಟೇ.

ರೇಡಿಯೊ ಕರೆಯದಿದ್ದರೂ ಹಾಡುವವರು ಕರೆದರು. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿಯವರಂಥ ದೊಡ್ಡವರ ಪಕ್ಕದಲ್ಲಿ ಅವರು ಕೂತರು. ಕಛೇರಿ ಇಲ್ಲದ ದಿನ ಬೆಳಗಾವಿಯ ತಮ್ಮ ಶ್ರೀರಾಮ ಸಂಗೀತ ಮಹಾವಿದ್ಯಾಲಯದಲ್ಲಿ ಹುಡುಗರಿಗೆ ಪಾಠ. ಅವರ ಹತ್ತಿರ ಕಲಿತ ರವೀಂದ್ರ ಕಾಟೋಟಿ, ಸುಧಾಂಶು ಕುಲಕರ್ಣಿಯಂಥವರು ಆಮೇಲೆ ಪೇಟಿಯ ಸ್ವತಂತ್ರ ಕಛೇರಿಯನ್ನೇ ಮಾಡಿ ತೋರಿಸಿದರು. ಆಕಾಶವಾಣಿ ಒಪ್ಪದಿದ್ದುದನ್ನು ಶಿಷ್ಯರ ಕಾಲಕ್ಕೆ ಕೇಳುಗರು ಒಪ್ಪಿದರು.

ನಿಮ್ಮಲ್ಲಿ ಬಹಳ ಮಂದಿ ನಾಳೆಯಿಂದ ನೇಮಕಾತಿ ಪ್ರಕಟಣೆಯ ದಾರಿ ಕಾಯುವವರು. ಕಾಯಿರಿ, ತಪ್ಪಿಲ್ಲ; ಮನೆ ನಡೆಯಬೇಕು. ಆದರೆ ನಮ್ಮ ಕಡೆ ಒಂದು ಮಾತಿದೆ: ನೌಕರಿ ಸಿಗದವರು ಪಾಠ ಹೇಳಿಕೊಂಡಿರುತ್ತಾರೆ ಅಂತ. ಈ ಮಾತನ್ನು ನಾನು ಒಪ್ಪುವುದಿಲ್ಲ. ಬಿಜಾಪುರೆಯವರು ಪಾಠವನ್ನು ಕಛೇರಿಗಿಂತ ಕೆಳಗಿನ ಕೆಲಸವೆಂದುಕೊಂಡಿದ್ದರೆ ಇವತ್ತು ಅವರ ಕೈಬೆರಳಿನ ಗುಟ್ಟು ಯಾರಿಗೂ ಗೊತ್ತಿರುತ್ತಿರಲಿಲ್ಲ. ಕಾಯುವ ದಿನಗಳಲ್ಲಿ ಸಂಜೆ ಒಂದು ತಾಸು ಬಿಡುವು ಮಾಡಿಕೊಳ್ಳಿ. ಲೆಕ್ಕ ಬಂದವರು ಲೆಕ್ಕ, ಇಂಗ್ಲಿಷ್ ಬಂದವರು ಇಂಗ್ಲಿಷ್ ನಿಮ್ಮ ಓಣಿಯ ಮಕ್ಕಳಿಗೆ ಹೇಳಿಕೊಡಿ. ಪೇಟಿ ಬರುವವರಿದ್ದರೆ ಭಜನಾ ಮಂಡಳಿಯ ಪೆಟ್ಟಿಗೆ ತೆಗೆಸಿ, ಧೂಳು ಹೊಡೆದು, ಬಿಳಿ ಒಂದರಿಂದ ಸಾ ಹಿಡಿಸಿ ಶುರು ಮಾಡಿ.