ತಡವಾಗಿ ನಡೆದ ಮಗು, ತಡಮಾಡಿದ ಅರ್ಜಿ

(ಗುಂಡ್ಲುಪೇಟೆಯಲ್ಲಿ ನಡೆದ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಸರಕಾರದ ಸವಲತ್ತುಗಳ ಕುರಿತು ಮಾತನಾಡಬೇಕೆಂದು ನಮ್ಮನ್ನು ಇಲ್ಲಿಗೆ ಕರೆದಿದ್ದಾರೆ. ವಿದ್ಯಾರ್ಥಿ ವೇತನ, ಸಾಲ, ವಸತಿ ಮುಂತಾದವುಗಳ ಬಗ್ಗೆ ಹೇಳುವವರು ಅನೇಕರಿದ್ದಾರೆ. ಅವುಗಳನ್ನು ಕೇಳಿ ಪಡೆಯಲು ನಮ್ಮವರಿಗೆ ಸಂಕೋಚವೂ ಇಲ್ಲ. ನಾವು ಆರಿಸಿಕೊಂಡಿರುವುದು, ಬಾಗಿಲು ಮುಚ್ಚಿಕೊಂಡು ಪಿಸುಮಾತಿನಲ್ಲಿ ಮಾತ್ರ ಕೇಳುವ ಒಂದು ಸವಲತ್ತನ್ನು.

ಈ ತಾಲೂಕಿನ ಒಂದು ಮನೆ. ಮಗುವಿಗೆ ಎರಡು ವರ್ಷ ತುಂಬಿದರೂ ನಡಿಗೆ ಬರಲಿಲ್ಲ, ಮೂರು ತುಂಬಿದರೂ ‘ಅಮ್ಮೀ’ ಎನ್ನಲಿಲ್ಲ. “ಇವನ ಅಬ್ಬಾ ಕೂಡ ಮಾತು ಕಲಿತದ್ದು ತಡವಾಗಿಯೇ” ಎಂದು ದಾದಿ ಸಮಾಧಾನ ಹೇಳಿದರು. ಯಾರೋ ನಝರ್ ಎಂದರು, ತಾವೀಝ್ ಕಟ್ಟಿಸಿದರು. ಅಂಗನವಾಡಿಗೆ ವೈದ್ಯರ ತಂಡ ಬಂದ ದಿನ ಮಗುವನ್ನು ಮನೆಯಲ್ಲೇ ಉಳಿಸಿಕೊಂಡರು. ಕಾರಣವಿಷ್ಟೆ: ಮಗುವಿನ ಫುಪ್ಪಿಗೆ ಗಂಡು ನೋಡುತ್ತಿದ್ದ ಕಾಲವದು. ‘ಆ ಮನೆಯಲ್ಲಿ ಅಂಥ ಮಗುವಿದೆ’ ಎಂಬ ಮಾತು ಹೊರಗೆ ಹೋಗಬಾರದಲ್ಲ! ಮದುವೆ ನಡೆಯಿತು, ಬಿರಿಯಾನಿಯನ್ನು ಎಲ್ಲರೂ ಉಂಡೆವು. ನಾವು ಆ ಹುಡುಗನನ್ನು ಮೊದಲು ಕಂಡಾಗ ಅವನಿಗೆ ಏಳು ವರ್ಷ.

ಅಂದು ಅಂಗನವಾಡಿಗೆ ಬಂದಿದ್ದ ತಂಡ ಯಾವುದು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ. ಹುಟ್ಟಿದ ಮಗುವಿನಿಂದ ಹದಿನೆಂಟರ ವರೆಗಿನವರನ್ನು ತಪಾಸಣೆ ಮಾಡುವ ಈ ಯೋಜನೆಯ ನಾಲ್ಕು ಗುರಿಗಳಲ್ಲಿ ಬೆಳವಣಿಗೆಯ ವಿಳಂಬವನ್ನು ಗುರುತಿಸುವುದೂ ಒಂದು. ಅಂದರೆ ಸರಕಾರವೇ ಮನೆಯ ಹತ್ತಿರಕ್ಕೆ ಬಂದಿತ್ತು. ನಾವು ಚಿಲಕ ಹಾಕಿಕೊಂಡೆವು. ಮಿದುಳು ಅತ್ಯಂತ ವೇಗವಾಗಿ ಬೆಳೆಯುವ ಮೊದಲ ವರ್ಷಗಳಲ್ಲಿ ಸಿಗುವ ತರಬೇತಿಗೆ ಸಮನಾದುದನ್ನು ಮುಂದೆ ಎಷ್ಟು ಹಣ ಸುರಿದರೂ ಪಡೆಯುವುದು ಕಷ್ಟ. ಇಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮಾತು ತಡವಾದ ಮಕ್ಕಳಿಗಾಗಿ ದೇಶದ ಬೇರೆ ರಾಜ್ಯಗಳಿಂದಲೂ ಜನರು ಅಲ್ಲಿಗೆ ಬರುತ್ತಾರೆ. ನಾವಾದರೋ ಅದರ ಮುಂದಿನಿಂದಲೇ ಮದುವೆಯ ಬಟ್ಟೆ ತರಲು ಹೋಗುತ್ತೇವೆ.

ಈಗ ಅರ್ಜಿಯ ವಿಚಾರಕ್ಕೆ ಬರೋಣ. 1995ರ ಕಾನೂನಿನ ಬದಲಿಗೆ ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಬಂದಿತು. ಹಳೆಯ ಕಾನೂನಿನ ಏಳು ವೈಕಲ್ಯಗಳ ಜಾಗದಲ್ಲಿ ಇದು 21ನ್ನು ಹೆಸರಿಸುತ್ತದೆ. ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಕಲಿಕಾ ನ್ಯೂನತೆ ಎಲ್ಲವೂ ಅದರಲ್ಲಿವೆ. ಬಹುತೇಕ ಸವಲತ್ತುಗಳ ಬಾಗಿಲು ತೆರೆಯುವುದು ಶೇಕಡಾ 40ಕ್ಕೆ. ಅದನ್ನು ದೃಢೀಕರಿಸುವ ಪ್ರಮಾಣ ಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡಿಗೆ ಕೇಂದ್ರದ ‘ಸ್ವಾವಲಂಬನ್’ ಜಾಲತಾಣದಲ್ಲಿ ಅರ್ಜಿ ಹಾಕಬೇಕು. 2021ರ ಜೂನ್‌ನಿಂದ ಈ ದಾರಿ ಕಡ್ಡಾಯ. ಬಳಿಕ ಆಸ್ಪತ್ರೆಯಲ್ಲಿ ತಪಾಸಣೆ. ಚಾಮರಾಜನಗರದ ವೈದ್ಯಕೀಯ ಕಾಲೇಜಿನ ಹೊಸ ಆಸ್ಪತ್ರೆ 2021ರಲ್ಲಿ ಉದ್ಘಾಟನೆಯಾಯಿತು. ಅದು ಊರೊಳಗಿಲ್ಲ, ಯಡಪುರದಲ್ಲಿದೆ. ಯಾವ ದಿನ, ಯಾವ ಕಟ್ಟಡಕ್ಕೆ ಬರಬೇಕೆಂದು ಮೊದಲೇ ವಿಚಾರಿಸಿಕೊಂಡು ಹೊರಡಿರಿ. ತೆರಕಣಾಂಬಿ ದಾರಿಯ ಬಸ್ಸಿನಲ್ಲಿ ಹಸಿದ ಮಗುವನ್ನು ಎತ್ತಿಕೊಂಡು ಬರಿಗೈಯಲ್ಲಿ ಮರಳಿದ ತಾಯಂದಿರನ್ನು ನಾವು ಕಂಡಿದ್ದೇವೆ.

“ಮಗು ಇನ್ನೂ ಚಿಕ್ಕದು, ದೊಡ್ಡದಾಗಲಿ” ಎಂಬುದು ಇನ್ನೊಂದು ನೆಪ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಒಂದು ವರ್ಷ ದಾಟಿದ ಮಗುವಿಗೂ ಪತ್ರ ಕೊಡಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ‘ಬುದ್ಧಿಮಾಂದ್ಯ’ ಎಂದು ಬರೆಯುವುದೇ ಇಲ್ಲ. ‘ಸಮಗ್ರ ಬೆಳವಣಿಗೆಯ ವಿಳಂಬ’ ಎಂದು ಬರೆಯುತ್ತಾರೆ. ಅದು ತಾತ್ಕಾಲಿಕ. ಐದರಲ್ಲಿ, ಹತ್ತರಲ್ಲಿ, ಹದಿನೆಂಟರಲ್ಲಿ ಮತ್ತೆ ಪರೀಕ್ಷಿಸುತ್ತಾರೆ. ಮಗು ಸುಧಾರಿಸಿದರೆ ಪತ್ರವೂ ಬದಲಾಗುತ್ತದೆ. ಇದನ್ನು ಹಣೆಯ ಮೇಲಿನ ಹಚ್ಚೆಯೆಂದು ಭಾವಿಸುವವರು ದಯವಿಟ್ಟು ಈ ಮಾತನ್ನು ಗಮನಿಸಬೇಕು.

ತಪಾಸಣೆಯ ಕೊಠಡಿಯಲ್ಲಿ ನಡೆಯುವುದೇನೆಂದು ತಿಳಿಯದೆ ನಮ್ಮವರು ಸೋಲುತ್ತಾರೆ. ಮಗುವಿನ ಬುದ್ಧಿಶಕ್ತಿಯ ಪರೀಕ್ಷೆಯೊಂದಿಗೆ ‘ವೈನ್‌ಲ್ಯಾಂಡ್’ ಎಂಬ ಸಾಮಾಜಿಕ ಪ್ರಬುದ್ಧತೆಯ ಮಾಪನವನ್ನೂ ಬಳಸುತ್ತಾರೆ. ಅದರ ಉತ್ತರಗಳು ಬರುವುದು ಮುಖ್ಯವಾಗಿ ತಾಯಿಯ ಬಾಯಿಂದ. ಲೋಟ ಹಿಡಿದು ತಾನೇ ಕುಡಿಯುತ್ತಾನೆಯೇ? ಅಂಗಿ ತಾನೇ ಹಾಕುತ್ತಾನೆಯೇ? ಶೌಚಕ್ಕೆ ಹೇಳುತ್ತಾನೆಯೇ? ನಾವು ಹೇಳಿದ ಆ ಹುಡುಗನ ತಾಯಿ ಎಲ್ಲದಕ್ಕೂ “ಮಾಡುತ್ತಾನೆ ಡಾಕ್ಟರೇ” ಎಂದುಬಿಟ್ಟರು. ಏಳು ವರ್ಷ ಮುಚ್ಚಿಟ್ಟು ರೂಢಿಯಾಗಿದ್ದ ನಾಲಿಗೆ, ಬೇರೇನು ಹೇಳೀತು? ವಾಸ್ತವದಲ್ಲಿ ಅಂಗಿ ಹಾಕುತ್ತಿದ್ದುದು ಆಕೆ, ತುತ್ತು ಉಣಿಸುತ್ತಿದ್ದುದು ದಾದಿ. ಮಾಪನದಲ್ಲಿ 70ರಿಂದ 84 ಬಂದರೆ ವೈಕಲ್ಯ ಶೇಕಡಾ 25 ಮಾತ್ರ. 55ರಿಂದ 69 ಬಂದರೆ 50. 36ರಿಂದ 54 ಬಂದರೆ 75. ಅವನಿಗೆ 25 ಎಂದು ಬರೆದರು. ವೈದ್ಯರ ತಪ್ಪಲ್ಲ. ಒಂದು ಸುಳ್ಳು ಹೆಮ್ಮೆಯಿಂದ ಆ ಮನೆಗೆ ಎಲ್ಲ ಬಾಗಿಲುಗಳೂ ಮುಚ್ಚಿದವು. ಇಂಥ ನಿರ್ಧಾರದ ವಿರುದ್ಧ ಮೇಲ್ಮನವಿಗೆ ಕಾಯ್ದೆಯಲ್ಲಿ ಅವಕಾಶವಿದೆ. ಮರುಪರೀಕ್ಷೆಗೆ ಹೋಗುವ ಮುನ್ನ ಒಂದು ವಾರ ಮಗು ತಾನೇ ಮಾಡಿದ್ದೇನು, ಇತರರು ಮಾಡಿಸಿದ್ದೇನು ಎಂದು ಹಾಳೆಯಲ್ಲಿ ಬರೆದಿಡಲು ಆ ತಾಯಿಗೆ ತಿಳಿಸಿದೆವು. ಎರಡನೆಯ ಬಾರಿ ಆಕೆ ಆ ಹಾಳೆಯನ್ನು ಓದುತ್ತ ಅತ್ತರು. 50 ಬಂದಿತು.

ಹೀಗೆಂದು ಇಲ್ಲದ ಕೊರತೆಯನ್ನು ಹೇಳಿಕೊಳ್ಳಲು ಯಾರಿಗೂ ಅನುಮತಿಯಿಲ್ಲ. ಪರ್ಸೆಂಟೇಜ್ ಏರಿಸಿಕೊಡುತ್ತೇವೆಂದು ದುಡ್ಡು ಕೇಳುವ ದಲ್ಲಾಳಿಗಳನ್ನು ಹೊಸ್ತಿಲಿಗೂ ಸೇರಿಸಬೇಡಿ. ಮೋಸದಿಂದ ಈ ಸವಲತ್ತು ಪಡೆದವರಿಗೆ ಕಾಯ್ದೆಯ 91ನೆಯ ಕಲಮಿನಡಿ ಎರಡು ವರ್ಷಗಳ ವರೆಗೆ ಸೆರೆಮನೆ ಅಥವಾ ಒಂದು ಲಕ್ಷದ ವರೆಗೆ ದಂಡ, ಇಲ್ಲವೇ ಎರಡೂ ಉಂಟು. ಅಲ್ಲಾಹನ ಲೆಕ್ಕ ಬೇರೆಯೇ ಇದೆ.

ಇನ್ನು ಹೆಸರಿನ ಸಮಸ್ಯೆ. ಆಧಾರ್‌ನಲ್ಲಿ ‘ಮಹಮ್ಮದ್’, ಜನನ ಪತ್ರದಲ್ಲಿ ‘ಮೊಹಮ್ಮದ್’, ಪಡಿತರ ಚೀಟಿಯಲ್ಲಿ ಬರೀ ‘ಎಂ.ಡಿ.’ ನಾವು ಜೊತೆಗೆ ಹೋಗಿದ್ದ ಒಂದು ಕಚೇರಿಯಲ್ಲಿ ಇದೇ ಕಾರಣಕ್ಕೆ ಕಾಗದಗಳನ್ನು ಮೂರು ಬಾರಿ ಹಿಂದಿರುಗಿಸಿದರು. ಮೂರನೆಯ ಸಲ ಗುಮಾಸ್ತರು ಮುಖವನ್ನೂ ಎತ್ತಲಿಲ್ಲ. ಸಿಟ್ಟು ಬಂದದ್ದು ನಿಜ. ಆದರೆ ಮಗು ಹುಟ್ಟಿದ ವಾರದಲ್ಲಿ ಆಸ್ಪತ್ರೆಯ ಕಾಗದದ ಮೇಲೆ ಹೆಸರನ್ನು ಸರಿಯಾಗಿ ಬರೆಸುವ ಕೆಲಸ ನಮ್ಮದಾಗಿತ್ತಲ್ಲವೇ?

ಪತ್ರ ಕೈಗೆ ಬಂದ ಮೇಲೆ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಆದಾಯ ಪ್ರಮಾಣ ಪತ್ರದೊಂದಿಗೆ ಅರ್ಜಿ ಹಾಕಬೇಕು. ಶೇಕಡಾ 40ರಿಂದ 75ರ ವರೆಗಿನವರಿಗೆ ರಾಜ್ಯ ಸರಕಾರ 2021ರಲ್ಲಿ 600 ರೂಪಾಯಿಯನ್ನು 800ಕ್ಕೆ ಏರಿಸಿತು. ತೀವ್ರತೆ ಹೆಚ್ಚಿದ್ದವರಿಗೆ ಮೊತ್ತವೂ ಹೆಚ್ಚು. ದಿನಕ್ಕೆ 27 ರೂಪಾಯಿಯೂ ಆಗದ ಈ ಎಂಟುನೂರರಲ್ಲಿ ಒಂದು ಮಗುವನ್ನು ಸಾಕಿ ತೋರಿಸಿ ಎಂದು ವಿಧಾನಸೌಧದಲ್ಲಿರುವವರನ್ನು ಕೇಳಬೇಕಾದವರು ನಾವೇ. ಆದರೆ ಕೇಳುವ ಮೊದಲು ಪಟ್ಟಿಯಲ್ಲಿ ನಮ್ಮ ಮಕ್ಕಳ ಹೆಸರಿರಬೇಕು. ಎಣಿಕೆಗೆ ಸಿಗದವರಿಗೆ ಯಾವ ಬಜೆಟ್ಟಿನಲ್ಲೂ ಪಾಲಿಲ್ಲ.

ಕಾರ್ಡಿನ ಉಪಯೋಗ ಮಾಸಾಶನಕ್ಕೆ ಮುಗಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆ ಒಂದು ಲಕ್ಷ ರೂಪಾಯಿಯ ವರೆಗಿನದು. ಚಿಕಿತ್ಸೆಯ ಜೊತೆ ತರಬೇತಿಯ ಖರ್ಚೂ ಅದರಲ್ಲಿ ಸೇರುತ್ತದೆ. ಆರರಿಂದ ಹದಿನೆಂಟರ ವರೆಗೆ ಉಚಿತ ಶಿಕ್ಷಣ ಕಾಯ್ದೆಯ 31ನೆಯ ಕಲಮಿನಲ್ಲೇ ಇದೆ. ಶಾಲೆಗೆ ಬರಲಾಗದ ಮಗುವಿಗಾಗಿ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಗೃಹಾಧಾರಿತ ಶಿಕ್ಷಣವನ್ನು ಕೇಳಿರಿ. ಮೈಸೂರಿಗೆ ಹೋಗಿಬರುವ ಖರ್ಚಿನ ಚಿಂತೆಯಿದ್ದರೆ, 2023ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ತಾಯಿಗೆ ಟಿಕೆಟ್ ಇಲ್ಲ. ವಯನಾಡಿಗೋ ಊಟಿಗೋ ದುಡಿಯಲು ಹೋಗುವ ಕುಟುಂಬಗಳಿಗೆ ಒಂದು ಮಾತು: ಪ್ರಮಾಣ ಪತ್ರ ದೇಶದಾದ್ಯಂತ ಮಾನ್ಯ, ಮಾಸಾಶನ ಮಾತ್ರ ಆಯಾ ರಾಜ್ಯದ್ದು.

“ಸರಕಾರದ ಮುಂದೆ ಕೈಚಾಚುವುದೇ?” ಎಂದು ಒಬ್ಬ ಹಿರಿಯರು ನಮ್ಮನ್ನು ಕೇಳಿದರು. ಉಮಯ್ಯ ಖಲೀಫ ವಲೀದ್ ಬಿನ್ ಅಬ್ದುಲ್ ಮಲಿಕ್ (ಕ್ರಿ.ಶ. 705–715) ಕುಷ್ಠ ರೋಗಿಗಳಿಗೆ ವೇತನ ಗೊತ್ತುಪಡಿಸಿ, ಬೇಡಬಾರದೆಂದು ಅಪ್ಪಣೆ ಕೊಟ್ಟರೆಂದೂ ನಡೆಯಲಾಗದವರಿಗೆ ಸೇವಕನನ್ನು, ಕುರುಡರಿಗೆ ದಾರಿತೋರುವವನನ್ನು ನೇಮಿಸಿದರೆಂದೂ ಇತಿಹಾಸಕಾರ ತಬರಿ ದಾಖಲಿಸಿದ್ದಾರೆ. ಭಿಕ್ಷೆ ನಿಲ್ಲಲೆಂದೇ ಅಂದು ವೇತನ ಬಂದಿತು. ಮಸೀದಿಯ ಬಾಗಿಲಲ್ಲಿ ಅಂಥ ಮಗುವಿನ ಕೈಗೆ ರಮಝಾನ್‌ನಲ್ಲಿ ಹತ್ತು ರೂಪಾಯಿ ಇಟ್ಟು ತೃಪ್ತರಾಗುವ ನಾವು, ಅದರ ಹಕ್ಕಿನ ಕಾಗದಕ್ಕೆ ಒಂದು ದಿನ ಕೊಡಲು ಹಿಂಜರಿಯುತ್ತೇವೆ.

ಈ ಮಸೀದಿಯ ಕಮಿಟಿಯವರಲ್ಲಿ ನಮ್ಮ ಕೋರಿಕೆಯಿಷ್ಟೆ. ಕಂಪ್ಯೂಟರ್ ಬಲ್ಲ ಇಬ್ಬರು ಯುವಕರನ್ನು ಜುಮಾದ ನಂತರ ಒಂದು ಗಂಟೆ ಇಲ್ಲಿ ಕೂರಿಸಿರಿ. ಪುರಸಭೆಯ ವ್ಯಾಪ್ತಿಗೆ ನಗರ ಪುನರ್ವಸತಿ ಕಾರ್ಯಕರ್ತರು, ಪಂಚಾಯತಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಎಂಬ ವ್ಯವಸ್ಥೆಯಿದೆ, ಅವರನ್ನೂ ಕರೆಯಿರಿ. ತಾಯಂದಿರು ಆಧಾರ್, ಜನನ ಪತ್ರ, ಫೋಟೋ, ಪಡಿತರ ಚೀಟಿ ತರಲಿ. ಮಗುವನ್ನೂ ಕರೆತನ್ನಿ. ಇಂದು ಈ ಸಭೆಗೆ ಅದನ್ನು ನೆರೆಮನೆಯಲ್ಲಿ ಬಿಟ್ಟು ಬಂದವರು ನಿಮ್ಮಲ್ಲಿದ್ದೀರಿ ಎಂದು ನಮಗೆ ಗೊತ್ತಿದೆ.