ನಾಣ್ಯದ ಮೇಲಿನ ಆನೆಗೆ ಬೆಲೆ ಎಷ್ಟು?

ನಾಣ್ಯ ಸಂಗ್ರಹ ನಿಮ್ಮಲ್ಲಿ ಹಲವರ ಹವ್ಯಾಸ. ಇಂದು ಒಂದೇ ಒಂದು ನಾಣ್ಯವನ್ನು ತೆಗೆದುಕೊಂಡು ಅದರ ಬೆಲೆಯನ್ನು ಲೆಕ್ಕ ಹಾಕೋಣ. ಅದು ಸೊಮಾಲಿಯಾದ ಬೆಳ್ಳಿ ಆನೆ ನಾಣ್ಯ.

ಇದರ ಒಂದು ಮುಖದಲ್ಲಿ ಆ ದೇಶದ ಲಾಂಛನವಿದೆ: ನಕ್ಷತ್ರವಿರುವ ಗುರಾಣಿ, ಅದನ್ನು ಹಿಡಿದ ಎರಡು ಚಿರತೆಗಳು. ಇನ್ನೊಂದು ಮುಖದಲ್ಲಿ ಆಫ್ರಿಕಾದ ಆನೆ. ಆನೆಯ ಚಿತ್ರ ವರ್ಷವರ್ಷವೂ ಬದಲಾಗುತ್ತದೆ. ಈ ಮಾಲೆ 1999ರಲ್ಲಿ ಜಾಂಬಿಯಾದ ಹೆಸರಿನಲ್ಲಿ ಆರಂಭವಾಗಿ, 2004ರಿಂದ ಸೊಮಾಲಿಯಾದ ಹೆಸರಿನಲ್ಲಿ ಬರುತ್ತಿದೆ. ಆದರೆ ಇದನ್ನು ಅಚ್ಚು ಹಾಕುವುದು ಜರ್ಮನಿಯ ಬವೇರಿಯಾ ರಾಜ್ಯದ ಟಂಕಸಾಲೆಯಲ್ಲಿ!

ನಾಣ್ಯದ ಮೇಲೆ 100 ಶಿಲ್ಲಿಂಗ್ ಎಂದಿದೆ. ಇದು ಮುಖಬೆಲೆ. ಅದರಲ್ಲಿರುವುದು 1 ಟ್ರಾಯ್ ಔನ್ಸ್, ಅಂದರೆ ಸುಮಾರು 31.1 ಗ್ರಾಂ ಶುದ್ಧ ಬೆಳ್ಳಿ. ಈ ಬೆಳ್ಳಿಯ ಬೆಲೆ ಮುಖಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಆದ್ದರಿಂದಲೇ ಇದನ್ನು ಕೊಟ್ಟು ಅಂಗಡಿಯಲ್ಲಿ ಯಾರೂ ಸಾಮಾನು ಕೊಳ್ಳುವುದಿಲ್ಲ. ಮೂರನೆಯದು ಸಂಗ್ರಾಹಕರು ಕೊಡುವ ಬೆಲೆ. ಅಪರೂಪದ ವರ್ಷದ ನಾಣ್ಯವಾದರೆ ಅದು ಏರುತ್ತದೆ. ಬೇಡಿಕೆ ಕುಗ್ಗಿದರೆ ಇಳಿಯುತ್ತದೆ.

ಬೆಲೆ ಇದ್ದಲ್ಲಿ ಖೋಟಾ ಕೂಡ ಇರುತ್ತದೆ. ಇಲ್ಲಿ ನಿಮ್ಮ ಭೌತಶಾಸ್ತ್ರದ ಪಾಠ ನೆರವಿಗೆ ಬರುತ್ತದೆ. ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 10.49 ಗ್ರಾಂ. ಅಸಲಿ ನಾಣ್ಯವನ್ನು ನೀರಿನಲ್ಲಿ ಮುಳುಗಿಸಿದರೆ ಸುಮಾರು 3 ಘನ ಸೆಂಟಿಮೀಟರ್ ನೀರು ಸ್ಥಳಾಂತರಗೊಳ್ಳಬೇಕು. ಅದೇ ತೂಕದ, ಬೆಳ್ಳಿ ಲೇಪಿಸಿದ ತಾಮ್ರದ ಬಿಲ್ಲೆಯಾದರೆ ಸುಮಾರು 3.5. ಅಯಸ್ಕಾಂತಕ್ಕೆ ಅಂಟಿಕೊಂಡರಂತೂ ಅದು ಶುದ್ಧ ಬೆಳ್ಳಿಯಲ್ಲವೇ ಅಲ್ಲ.

ಈಗ ಆನೆಯತ್ತ ಬನ್ನಿ. ನಮ್ಮ ಬಂಡೀಪುರದ ಆನೆಗಿಂತ ಆಫ್ರಿಕಾದ ಆನೆಗೆ ಕಿವಿ ದೊಡ್ಡದು. ಸಾಮಾನ್ಯವಾಗಿ ಹೆಣ್ಣಿಗೂ ದಂತವಿರುತ್ತದೆ. ಆ ದಂತಕ್ಕೆ ಮಾರುಕಟ್ಟೆಯಲ್ಲಿ ಬಂದ ಬೆಲೆಯೇ ಅದರ ಪ್ರಾಣಕ್ಕೆ ಮುಳುವಾಯಿತು. ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು ಸೈಟಿಸ್ ಒಪ್ಪಂದದ ರಾಷ್ಟ್ರಗಳು 1989ರಲ್ಲಿ ತೀರ್ಮಾನಿಸಿದವು. ಆದರೂ ಕಳ್ಳಬೇಟೆ ನಿಲ್ಲಲಿಲ್ಲ. 2021ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಆಫ್ರಿಕಾದ ಹುಲ್ಲುಗಾವಲಿನ ಆನೆಯನ್ನು ಅಳಿವಿನಂಚಿನ ಪಟ್ಟಿಗೂ, ಅಲ್ಲಿನ ದಟ್ಟಡವಿಯ ಆನೆಯನ್ನು ತೀವ್ರ ಅಪಾಯದ ಪಟ್ಟಿಗೂ ಸೇರಿಸಿತು.

ನಾಣ್ಯ ಸಾಲದೆ ಬಂದರೆ ಟಂಕಸಾಲೆಯ ಯಂತ್ರ ಕ್ಷಣಕ್ಕೊಂದನ್ನು ಒತ್ತಿ ಕೊಡಬಲ್ಲದು. ತಾಯಿ ಆನೆಗಾದರೋ ಒಂದು ಮರಿಯನ್ನು ಹೆರಲು ಸುಮಾರು 22 ತಿಂಗಳು ಬೇಕು. ನಾಣ್ಯಕ್ಕೆ ಮೂರು ಬೆಲೆಗಳನ್ನು ಹೇಳಿದೆ. ಆನೆಗೆ ಎಷ್ಟು? ಆ ಲೆಕ್ಕವನ್ನು ನಿಮಗೇ ಬಿಡುತ್ತೇನೆ.